ಮನೆ ಹೊತ್ತ ಬಂಡಿ

ಮನೆಯ ನೆಮ್ಮದಿಯೂ ಬೇಕು, ಬಯಲಿನ ಬಿಡುವೂ ಬೇಕು ಎಂಬುದು ಮಾನವನ ಬಹು ಹಳೆಯ ಆಸೆ. ಕರ್ನಾಟಕದ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಜಾತ್ರೆಗೆ ಹೊರಡುವವರು ಕಮಾನು ಕಟ್ಟಿದ ಎತ್ತಿನ ಗಾಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಜಮಖಾನ ಹರಡಿ, ಬುತ್ತಿಯ ಗಂಟು, ಅಡುಗೆಯ ಪಾತ್ರೆ, ನೀರಿನ ಕೊಡ, ಎತ್ತುಗಳ ಮೇವು ಎಲ್ಲವನ್ನೂ ಅಣಿಮಾಡಿಕೊಳ್ಳುತ್ತಿದ್ದರು. ಹೊಳೆಯ ದಂಡೆಯಲ್ಲಿ ಗಾಡಿ ಬಿಟ್ಟು, ಮೂರು ಕಲ್ಲು ಹೂಡಿ ಒಲೆ ಹೊತ್ತಿಸಿದರೆ ಅದೇ ಅವರಿಗೆ ಮನೆಯಾಗುತ್ತಿತ್ತು. ಗಾಡಿ ಹೊಡೆಯುವವನಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತಿತ್ತು. ಭಾರ ಮುಂದಾದರೆ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಭಾರ ಹಿಂದಾದರೆ ನೊಗ ಮೇಲೆದ್ದು ಅವುಗಳ ಕೊರಳಪಟ್ಟಿ ಬಿಗಿಯುತ್ತದೆ. ಅಚ್ಚಿನ ಮೇಲೆ ಹದವಾಗಿ ಕೂರುವಂತೆ ಹೊರೆ ಹೇರುವುದೇ ಗಾಡಿ ಹೂಡುವ ವಿದ್ಯೆಯ ಮೊದಲ ಪಾಠವಾಗಿತ್ತು.

ಇದೇ ಪಾಠವನ್ನು ಇಂದು ಅಮೆರಿಕ ಸಂಯುಕ್ತ ಸಂಸ್ಥಾನದ ಲಕ್ಷಾಂತರ ಕುಟುಂಬಗಳು ಬೇರೊಂದು ಬಗೆಯ ಬಂಡಿಯೊಡನೆ ಕಲಿಯುತ್ತವೆ. ಅದರ ಹೆಸರು ಪಿಕಪ್ ಟ್ರಕ್. ಇದರ ಮುಂಭಾಗದಲ್ಲಿ ಚಾಲಕನೂ ಸಂಗಡಿಗರೂ ಕುಳಿತುಕೊಳ್ಳುವ ಕೋಣೆ ಇರುತ್ತದೆ. ಹಿಂಭಾಗದಲ್ಲಿ ಮೇಲೆ ಮುಚ್ಚಿಗೆಯಿಲ್ಲದ, ಸರಕು ತುಂಬುವ ತೊಟ್ಟಿ ಇರುತ್ತದೆ. ವಾರದ ದಿನಗಳಲ್ಲಿ ಹುಲ್ಲಿನ ಹೊರೆ, ಮರಮುಟ್ಟು, ಗೊಬ್ಬರಗಳನ್ನು ಸಾಗಿಸುವ ಇದೇ ತೊಟ್ಟಿ ರಜೆಯ ದಿನಗಳಲ್ಲಿ ಮಲಗುವ ಮನೆಯಾಗಿ, ಅಡುಗೆಯ ಮನೆಯಾಗಿ ಮಾರ್ಪಡುತ್ತದೆ. ಪರ್ವತಗಳ ತಪ್ಪಲಿನಲ್ಲಿ, ಮರುಭೂಮಿಯ ಅಂಚಿನಲ್ಲಿ, ಸರೋವರಗಳ ತೀರದಲ್ಲಿ ಬಿಡಾರ ಹೂಡಿ ಕೆಲವು ದಿನ ಕಳೆಯುವುದು ಆ ದೇಶದ ಜನರಿಗೆ ಬಹು ಪ್ರಿಯವಾದ ವಿಹಾರ.

ಬಂಡಿಯನ್ನೇ ಅಡುಗೆಮನೆಯಾಗಿಸುವ ಕಲೆ ಅಲ್ಲಿ ಮೋಟಾರು ಬರುವುದಕ್ಕೆ ಮುನ್ನವೇ ಹುಟ್ಟಿತ್ತು. 1866ರಲ್ಲಿ ಟೆಕ್ಸಾಸಿನ ದನಗಾಹಿ ಚಾರ್ಲ್ಸ್ ಗುಡ್‌ನೈಟ್ ಎಂಬಾತನು ಸಾವಿರಾರು ದನಗಳನ್ನು ನೂರಾರು ಮೈಲಿ ದೂರ ಅಟ್ಟಿಕೊಂಡು ಹೋಗಬೇಕಾಗಿತ್ತು. ತಿಂಗಳುಗಟ್ಟಲೆ ಬಯಲಿನಲ್ಲೇ ಉಳಿಯುವ ಆಳುಗಳಿಗೆ ಊಟ ಒದಗಿಸುವುದು ಹೇಗೆ? ಅವನು ಸೈನ್ಯ ಬಳಸಿ ಬಿಟ್ಟಿದ್ದ ಗಟ್ಟಿಮುಟ್ಟಾದ ಬಂಡಿಯೊಂದನ್ನು ಕೊಂಡು, ಅದರ ಹಿಂಬದಿಗೆ ಅರೆಗಳೂ ಸೆಳೆಖಾನೆಗಳೂ ಇದ್ದ ಮರದ ಪೆಟ್ಟಿಗೆಯೊಂದನ್ನು ಜೋಡಿಸಿದನು. ಅದರ ಬಾಗಿಲು ಕೆಳಕ್ಕೆ ಬಾಗಿದರೆ ಅಡುಗೆಯವನಿಗೆ ಮೇಜಾಗುತ್ತಿತ್ತು. ಪಕ್ಕದಲ್ಲಿ ನೀರಿನ ಪೀಪಾಯಿ. ಬಂಡಿಯ ಅಡಿಯಲ್ಲಿ ಸೌದೆ ಹಾಗೂ ಒಣಗಿದ ಸಗಣಿಯನ್ನು ತುಂಬಲು ತೊಗಲಿನ ಜೋಲಿ. ಪ್ರತಿಯೊಂದು ವಸ್ತುವಿಗೂ ಒಂದು ನೆಲೆ, ಪ್ರತಿಯೊಂದು ನೆಲೆಗೂ ಒಂದು ಕಾರಣ. ಈ ಬಂಡಿಯ ಮಾದರಿ ಬಹುಬೇಗನೆ ಪಶ್ಚಿಮ ಪ್ರಾಂತಗಳಲ್ಲೆಲ್ಲ ಹರಡಿತು. ಇಂದಿನ ಪಿಕಪ್ ಟ್ರಕ್ಕಿನ ಹಿಂಬಾಗಿಲನ್ನು ಇಳಿಸಿ, ಸೆಳೆಖಾನೆ ಎಳೆದು, ಒಲೆ ಹಚ್ಚುವವರು ಅರಿತೋ ಅರಿಯದೆಯೋ ಗುಡ್‌ನೈಟನ ಬಂಡಿಯನ್ನೇ ಅನುಸರಿಸುತ್ತಾರೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮೋಟಾರು ಬಂಡಿಯು ಜನಸಾಮಾನ್ಯರ ಕೈಗೆಟುಕಿತು. ಹೆನ್ರಿ ಫೋರ್ಡ್, ತಾಮಸ್ ಆಲ್ವಾ ಎಡಿಸನ್, ಟಯರು ಉದ್ಯಮಿ ಹಾರ್ವೆ ಫೈರ್‌ಸ್ಟೋನ್ ಮತ್ತು ಪ್ರಕೃತಿ ಪ್ರಬಂಧಕಾರ ಜಾನ್ ಬರೋಸ್ ಕೂಡಿಕೊಂಡು ಹಲವು ಬೇಸಗೆಗಳಲ್ಲಿ ಕಾಡುಮೇಡುಗಳಿಗೆ ಪ್ರವಾಸ ಹೋದರು. 1919ರ ಪ್ರವಾಸದಲ್ಲಿ ಒಲೆಯನ್ನೂ ಮಂಜುಗಡ್ಡೆಯ ಪೆಟ್ಟಿಗೆಯನ್ನೂ ಅಳವಡಿಸಿದ ಅಡುಗೆಬಂಡಿಯೊಂದು ಅವರ ಸಂಗಡವಿತ್ತು. ಪತ್ರಿಕೆಗಳಲ್ಲಿ ಬಂದ ಆ ಪ್ರವಾಸಗಳ ವರದಿಗಳು ಸಾಮಾನ್ಯ ಜನರಲ್ಲಿಯೂ ಆಸೆ ಹುಟ್ಟಿಸಿದವು. 1925ರಲ್ಲಿ ಫೋರ್ಡ್ ಕಾರ್ಖಾನೆಯು ತನ್ನ ಪ್ರಸಿದ್ಧ ಟಿ ಮಾದರಿಯ ಕಾರಿಗೆ ಕಾರ್ಖಾನೆಯಲ್ಲಿಯೇ ತೊಟ್ಟಿ ಜೋಡಿಸಿ 281 ಡಾಲರಿಗೆ ಮಾರಾಟಕ್ಕಿಟ್ಟಿತು. 1956ರಲ್ಲಿ ಅಂತರರಾಜ್ಯ ಹೆದ್ದಾರಿಗಳ ನಿರ್ಮಾಣಕ್ಕೆ ಕಾಯಿದೆಯಾದ ಮೇಲೆ ದೂರಪ್ರಯಾಣ ಇನ್ನಷ್ಟು ಸುಲಭವಾಯಿತು.

ಹೀಗೆ ಅಣಿಗೊಳಿಸಿದ ಟ್ರಕ್ಕುಗಳಲ್ಲಿ ಬಹು ಪ್ರಸಿದ್ಧವಾದುದು ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ಕನದು. 1960ರಲ್ಲಿ, ತನ್ನ 58ನೆಯ ವಯಸ್ಸಿನಲ್ಲಿ, ಅವನು ತನ್ನ ದೇಶವನ್ನು ಮತ್ತೊಮ್ಮೆ ಕಣ್ಣಾರೆ ಕಾಣಲೆಂದು ಜಿಎಂಸಿ ಪಿಕಪ್ ಟ್ರಕ್ಕೊಂದರ ಮೇಲೆ ಚಿಕ್ಕ ಕೋಣೆಯೊಂದನ್ನು ಕೂರಿಸಿಕೊಂಡು ಹೊರಟನು. ಅದರಲ್ಲಿ ಹಾಸಿಗೆ, ಒಲೆ, ಶೀತಕಪೆಟ್ಟಿಗೆ, ಸೊಳ್ಳೆಪರದೆಯ ಕಿಟಕಿಗಳು ಇದ್ದವು. ಡಾನ್ ಕ್ವಿಕ್ಸೋಟನ ಬಡಕಲು ಕುದುರೆಯ ಹೆಸರನ್ನೇ ಟ್ರಕ್ಕಿಗಿಟ್ಟು ಅದನ್ನು ‘ರೋಸಿನಾಂಟೆ’ ಎಂದು ಕರೆದನು. ಜೊತೆಗೆ ಹೊರಟದ್ದು ಚಾರ್ಲಿ ಎಂಬ ನಾಯಿ. ಆ ಪ್ರಯಾಣದ ಕಥನವನ್ನು ಅವನು ‘ಟ್ರಾವೆಲ್ಸ್ ವಿತ್ ಚಾರ್ಲಿ’ ಎಂಬ ಪುಸ್ತಕದಲ್ಲಿ ಬರೆದನು. ಅದು ಪ್ರಕಟವಾದದ್ದು 1962ರಲ್ಲಿ. ಅದೇ ವರ್ಷ ಅವನಿಗೆ ನೊಬೆಲ್ ಪಾರಿತೋಷಕವೂ ದೊರೆಯಿತು.

ಆ ಪುಸ್ತಕದಲ್ಲಿ ಅವನ ಜಾಣ್ಮೆಗೊಂದು ಉದಾಹರಣೆ ಇದೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕೊಳೆಬಟ್ಟೆ, ನೀರು, ಸಾಬೂನಿನ ಪುಡಿ ಹಾಕಿ, ಅದನ್ನು ಎಳೆದರೆ ಹಿಗ್ಗುವ ಹಗ್ಗದಿಂದ ತೂಗುಹಾಕಿದ್ದನು. ದಿನವಿಡೀ ಟ್ರಕ್ಕು ಕುಲುಕುತ್ತ ಸಾಗಿದರೆ ಬಟ್ಟೆ ತಾನಾಗಿಯೇ ಶುಭ್ರವಾಗುತ್ತಿತ್ತು. ವಿದ್ಯುತ್ತೂ ಬೇಡ, ಯಂತ್ರವೂ ಬೇಡ. ಆದರೆ ಅದೇ ಪುಸ್ತಕದಲ್ಲಿ ಇನ್ನೊಂದು ಸಂಗತಿಯೂ ಇದೆ. ಏನು ಬೇಕಾದೀತೋ ಎಂಬ ಆತಂಕದಿಂದ ಅವನು ಅಗತ್ಯಕ್ಕಿಂತ ಬಹಳ ಹೆಚ್ಚು ಸಾಮಾನು ತುಂಬಿದ್ದನು. ಓದಬೇಕೆಂದು ಎಂದಿನಿಂದಲೋ ಎಣಿಸಿ ಓದದೆ ಉಳಿಸಿದ್ದ ಪುಸ್ತಕಗಳೇ 150 ಪೌಂಡು, ಎಂದರೆ ಸುಮಾರು 68 ಕಿಲೋಗ್ರಾಮ್ ತೂಕವಿದ್ದವು. ಮುಂದೆ ಆರೆಗನ್ ರಾಜ್ಯದಲ್ಲಿ ಮಳೆ ಸುರಿಯುತ್ತಿದ್ದ ಒಂದು ಭಾನುವಾರ, ಭಾರ ಹೊತ್ತ ಬಂಡಿಯ ಹಿಂದಿನ ಟಯರೊಂದು ಸಿಡಿಯಿತು. ಕೆಸರಿನಲ್ಲಿ ಹೊರಳಾಡಿ ಚಕ್ರ ಬದಲಿಸುವಷ್ಟರಲ್ಲಿ ಇನ್ನೊಂದು ಟಯರೂ ಉಬ್ಬಿ ಒಡೆಯುವ ಸ್ಥಿತಿಯಲ್ಲಿರುವುದು ಕಂಡಿತು. ಹೊರೆಗೆ ತಕ್ಕ ಗಟ್ಟಿ ಟಯರುಗಳು ದೊರೆತ ಮೇಲೆಯೇ ಪ್ರಯಾಣ ಮುಂದುವರಿಯಿತು. ರೋಸಿನಾಂಟೆ ಇಂದು ಕ್ಯಾಲಿಫೋರ್ನಿಯದ ಸಲೀನಾಸ್ ಪಟ್ಟಣದ ಸ್ಟೈನ್‌ಬೆಕ್ ಕೇಂದ್ರದಲ್ಲಿ ಪ್ರದರ್ಶನಕ್ಕಿದೆ. ಬಯಲಿಗೆ ಹೊರಡುವವರು ಅದರಿಂದ ಕಲಿಯಬೇಕಾದ ಪಾಠಗಳು ಎರಡು: ಒಂದು, ಕಡಮೆ ವಸ್ತುವಿನಲ್ಲಿ ಹೆಚ್ಚು ಕೆಲಸ ಸಾಧಿಸುವ ಜಾಣ್ಮೆ, ಇನ್ನೊಂದು, ಹೊರೆಯ ಲೆಕ್ಕವನ್ನು ಮರೆಯಬಾರದೆಂಬ ಎಚ್ಚರ.

ಹೊರೆಯ ಲೆಕ್ಕವೆಂದರೇನು? ಪ್ರತಿಯೊಂದು ಟ್ರಕ್ಕಿಗೂ ಅದರ ಚೌಕಟ್ಟು, ಸ್ಪ್ರಿಂಗು, ಅಚ್ಚು, ಬ್ರೇಕು, ಟಯರು ಇವೆಲ್ಲ ಸೇರಿ ತಾಳಿಕೊಳ್ಳಬಲ್ಲ ಒಟ್ಟು ತೂಕಕ್ಕೆ ಒಂದು ಮಿತಿ ಇರುತ್ತದೆ. ಆ ಮಿತಿಯಿಂದ ಬರಿಯ ಟ್ರಕ್ಕಿನ ತೂಕವನ್ನು ಕಳೆದರೆ ಉಳಿಯುವುದೇ ಅದು ಹೊರಬಹುದಾದ ಹೊರೆ. ಅಮೆರಿಕದ ವಾಹನಗಳಲ್ಲಿ ಚಾಲಕನ ಬಾಗಿಲ ಬಳಿ ಅಂಟಿಸಿರುವ ಚೀಟಿಯಲ್ಲಿ ಈ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ಅದರಲ್ಲಿ ಸಾಮಾನಷ್ಟೇ ಅಲ್ಲ, ಕುಳಿತವರ ತೂಕವೂ ಸೇರುತ್ತದೆ ಎಂಬುದನ್ನು ಹಲವರು ಮರೆಯುತ್ತಾರೆ.

ಉದಾಹರಣೆಗೆ, ಒಂದು ಟ್ರಕ್ಕು 680 ಕಿಲೋಗ್ರಾಮ್ ಹೊರಬಲ್ಲದು ಎಂದಿಟ್ಟುಕೊಳ್ಳಬಹುದು. ಇಬ್ಬರು ಪ್ರಯಾಣಿಕರು 150 ಕಿಲೋಗ್ರಾಮ್. ತೊಟ್ಟಿಯ ಮೇಲೆ ಕೂರಿಸುವ ಫೈಬರ್ ಗಾಜಿನ ಮುಚ್ಚಿಗೆ 90. ಪ್ಲೈವುಡ್ಡಿನ ಮಂಚವೂ ಅದರ ಕೆಳಗಿನ ಸೆಳೆಖಾನೆಗಳೂ 110. 80 ಲೀಟರು ನೀರು ಹಾಗೂ ಅದರ ಡಬ್ಬಿ 85. ಬ್ಯಾಟರಿ, ಸೌರಫಲಕ, ತಂತಿಗಳು 45. ಶೀತಕಪೆಟ್ಟಿಗೆಯೂ ಆಹಾರವೂ 45. ಒಲೆ, ಅನಿಲ, ಪಾತ್ರೆಗಳು 30. ಹೆಚ್ಚಿನ ಚಕ್ರ ಮತ್ತು ಉಪಕರಣಗಳು 50. ಹಾಸಿಗೆ ಬಟ್ಟೆಗಳು 40. ಒಟ್ಟು 645 ಕಿಲೋಗ್ರಾಮ್ ಆಯಿತು. ಉಳಿದದ್ದು 35 ಮಾತ್ರ. ಇನ್ನು ಎರಡು ಸೈಕಲ್ಲುಗಳನ್ನು ಅವುಗಳ ಚೌಕಟ್ಟಿನೊಡನೆ ಹಿಂದೆ ಸಿಕ್ಕಿಸಿದರೆ ಮತ್ತೆ 45 ಕಿಲೋಗ್ರಾಮ್ ಸೇರಿ ಮಿತಿ ಮೀರುತ್ತದೆ. ಒಂದೊಂದು ವಸ್ತುವೂ ಹಗುರವಾಗಿಯೇ ಕಾಣುತ್ತದೆ. ಕೂಡಿದಾಗ ಮಾತ್ರ ಭಾರ ತಿಳಿಯುತ್ತದೆ. ಇಂಥ ಸಂದರ್ಭದಲ್ಲಿ ಬುದ್ಧಿವಂತರು ಬಲವಾದ ಸ್ಪ್ರಿಂಗುಗಳನ್ನು ಹಾಕಿಸಿಕೊಂಡು ಸಮಾಧಾನಪಡುವುದಿಲ್ಲ. ಸ್ಪ್ರಿಂಗು ಗಟ್ಟಿಯಾದರೆ ಬಂಡಿ ಬಾಗುವುದು ತಪ್ಪೀತು. ಅಚ್ಚು, ಬ್ರೇಕು, ಚೌಕಟ್ಟುಗಳ ಮಿತಿ ಬದಲಾಗುವುದಿಲ್ಲ. ಅವರು ತೆಳುವಾದ ಹಲಗೆಯಿಂದ ಮಂಚ ಮಾಡುತ್ತಾರೆ. ನೀರು ದೊರೆಯುವ ದಾರಿಯಲ್ಲಿ ಅರ್ಧ ಡಬ್ಬಿಯನ್ನಷ್ಟೇ ತುಂಬಿಕೊಳ್ಳುತ್ತಾರೆ. ಅನಂತರ ತೂಕದ ಸೇತುವೆಯ ಮೇಲೆ ಬಂಡಿಯನ್ನು ನಿಲ್ಲಿಸಿ ಮುಂದಿನ ಹಿಂದಿನ ಅಚ್ಚುಗಳ ಭಾರವನ್ನು ಪ್ರತ್ಯೇಕವಾಗಿ ಪರೀಕ್ಷಿಸುತ್ತಾರೆ.

ಹೊರೆ ಎಷ್ಟು ಎಂಬುದರಂತೆಯೇ ಹೊರೆ ಎಲ್ಲಿ ಎಂಬುದೂ ಮುಖ್ಯ. ಇಲ್ಲಿ ಸನ್ನೆಕೋಲಿನ ತತ್ತ್ವ ಕೆಲಸ ಮಾಡುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ದೂರ 360 ಸೆಂಟಿಮೀಟರ್ ಇರುವ ಟ್ರಕ್ಕಿನಲ್ಲಿ, ಹಿಂದಿನ ಅಚ್ಚಿಗಿಂತ 60 ಸೆಂಟಿಮೀಟರ್ ಹಿಂದೆ 300 ಕಿಲೋಗ್ರಾಮ್ ಭಾರವಿಟ್ಟರೆ, ಹಿಂದಿನ ಅಚ್ಚು ಆಧಾರಬಿಂದುವಾಗುತ್ತದೆ. ಆಗ ಮುಂದಿನ ಚಕ್ರಗಳ ಮೇಲಿದ್ದ ಭಾರದಲ್ಲಿ 50 ಕಿಲೋಗ್ರಾಮ್ ಕಡಮೆಯಾಗಿ, ಹಿಂದಿನ ಅಚ್ಚಿನ ಮೇಲೆ 350 ಕಿಲೋಗ್ರಾಮ್ ಹೆಚ್ಚುತ್ತದೆ. ಬಂಡಿಯನ್ನು ತಿರುಗಿಸುವ ಚಕ್ರಗಳು ಮುಂದಿನವು. ಅವು ಹಗುರವಾದಷ್ಟೂ ನೆಲದ ಮೇಲಿನ ಹಿಡಿತ ಸಡಿಲವಾಗುತ್ತದೆ. ಎತ್ತಿನ ಗಾಡಿಯ ನೊಗ ಮೇಲೇಳುವುದೂ ಇದೇ ತತ್ತ್ವದಿಂದಲೇ. ಆದುದರಿಂದ ನೀರು, ಬ್ಯಾಟರಿ, ಉಪಕರಣಗಳಂಥ ಭಾರವಾದ ವಸ್ತುಗಳನ್ನು ಹಿಂದಿನ ಅಚ್ಚಿಗಿಂತ ತುಸು ಮುಂದೆ, ತೊಟ್ಟಿಯ ತಳಕ್ಕೆ ತಾಗಿದಂತೆ ಇಡಬೇಕು. ಹಗುರವಾದ ಹಾಸಿಗೆ ಬಟ್ಟೆಗಳು ಮೇಲೆಯೂ ಹಿಂದೆಯೂ ಇದ್ದರೆ ಬಾಧಕವಿಲ್ಲ. ಮಾಡಿನ ಮೇಲೆ ಭಾರ ಹೇರಿದರೆ ಗುರುತ್ವಕೇಂದ್ರ ಮೇಲಕ್ಕೇರುತ್ತದೆ; ತಿರುವಿನಲ್ಲಿಯೂ ಓರೆಯಾದ ಕಾಡುದಾರಿಯಲ್ಲಿಯೂ ಬಂಡಿ ಮಗುಚುವ ಸಂಭವ ಹೆಚ್ಚುತ್ತದೆ.

ಇಟ್ಟ ವಸ್ತುಗಳನ್ನು ಬಿಗಿಯುವುದೂ ಅಷ್ಟೇ ಅವಶ್ಯಕ. ಚಲಿಸುತ್ತಿರುವ ವಸ್ತುವು ಚಲಿಸುತ್ತಲೇ ಇರಬಯಸುತ್ತದೆ ಎಂಬುದು ನ್ಯೂಟನ್ನನ ಮೊದಲನೆಯ ನಿಯಮ. ಬ್ರೇಕು ನಿಲ್ಲಿಸುವುದು ಬಂಡಿಯನ್ನು. ಬಿಗಿಯದೆ ಬಿಟ್ಟ ಪೆಟ್ಟಿಗೆಯನ್ನಲ್ಲ. ಅದು ಹಳೆಯ ವೇಗದಲ್ಲಿಯೇ ಮುಂದಕ್ಕೆ ಧಾವಿಸಿ ಎದುರಿಗಿದ್ದುದನ್ನು ಅಪ್ಪಳಿಸುತ್ತದೆ. ಆದ್ದರಿಂದ ತೊಟ್ಟಿಯ ಚೌಕಟ್ಟಿಗೆ ಭದ್ರವಾಗಿ ಕೂರಿಸಿದ ಕೊಂಡಿಗಳಿಗೆ ಪಟ್ಟಿ ಹಾಕಿ ಪ್ರತಿಯೊಂದನ್ನೂ ಕಟ್ಟಬೇಕು. ಸೆಳೆಖಾನೆಗಳಿಗೆ ಅಗುಳಿ ಇರಬೇಕು. ಟಯರುಗಳಲ್ಲಿ ಗಾಳಿಯ ಒತ್ತಡ ಹೊರೆಗೆ ತಕ್ಕಷ್ಟಿರಬೇಕು. ಗಾಳಿ ಕಡಮೆಯಾಗಿ ಭಾರ ಹೆಚ್ಚಾದರೆ ಟಯರಿನ ಪಕ್ಕಗಳು ಪ್ರತಿ ಸುತ್ತಿಗೂ ಅತಿಯಾಗಿ ಬಾಗಿ ಬಿಸಿಯೇರುತ್ತವೆ. ಆ ಬಿಸಿಯೇ ಕೊನೆಗೆ ಟಯರನ್ನು ಸಿಡಿಸುತ್ತದೆ. ಭಾರವಾದ ಬಂಡಿಯನ್ನು ನಿಲ್ಲಿಸಲು ಬ್ರೇಕುಗಳು ಹೆಚ್ಚು ಶಕ್ತಿಯನ್ನು ಶಾಖವಾಗಿಸಬೇಕಾಗುತ್ತದೆ. ಆದುದರಿಂದ ಘಟ್ಟದ ಇಳಿಜಾರಿನಲ್ಲಿ ಕೆಳ ಗೇರಿನಲ್ಲಿ ನಿಧಾನವಾಗಿ ಇಳಿಯುವುದೇ ಕ್ಷೇಮ.

ಬಿಡಾರ ಸೇರಿದ ಮೇಲೆ ಬೇರೆ ಬಗೆಯ ಎಚ್ಚರ ಬೇಕು. ಮುಚ್ಚಿಗೆಯ ಕೆಳಗೆ ಮಲಗಿದವರ ಉಸಿರಿನಲ್ಲಿರುವ ನೀರಾವಿ ರಾತ್ರಿಯ ಚಳಿಗೆ ಗೋಡೆಯ ಮೇಲೆ ಹನಿಗಟ್ಟುತ್ತದೆ, ಹಾಸಿಗೆ ತೇವವಾಗುತ್ತದೆ. ಎದುರುಬದುರಾಗಿ ಎರಡು ಕಿಂಡಿಗಳನ್ನು ತೆರೆದಿಟ್ಟು ಗಾಳಿಯಾಡಿಸುವುದೇ ಇದಕ್ಕೆ ಪರಿಹಾರ. ಇದಕ್ಕಿಂತ ಘೋರವಾದ ಅಪಾಯವೆಂದರೆ ಚಳಿಗೆ ಹೆದರಿ ಕಿಂಡಿಗಳನ್ನೆಲ್ಲ ಮುಚ್ಚಿ ಒಳಗೆ ಒಲೆಯನ್ನೋ ಇದ್ದಿಲಿನ ಅಗ್ಗಿಷ್ಟಿಕೆಯನ್ನೋ ಉರಿಸುವುದು. ಸಾಕಷ್ಟು ಆಮ್ಲಜನಕ ದೊರೆಯದ ಉರಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿರುವ ಹೀಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾದ ಬಲದಿಂದ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ನಿದ್ರೆಯಲ್ಲಿರುವವನು ಎಚ್ಚರಗೊಳ್ಳದೆಯೇ ಪ್ರಾಣ ಬಿಡುತ್ತಾನೆ. ಆದ್ದರಿಂದ ಅಡುಗೆ ಹೊರಗಡೆಯೇ ನಡೆಯಬೇಕು. ಕೋಣೆ ಬೆಚ್ಚಗಾಗಿಸುವ ಯಂತ್ರವಿದ್ದರೆ ಅದರ ಹೊಗೆ ಹೊರಕ್ಕೆ ಹೋಗುವಂತಿರಬೇಕು. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಎಚ್ಚರಿಕೆಯ ಗಂಟೆ ಮಲಗುವೆಡೆಯಲ್ಲಿರಬೇಕು. ಒಲೆಗೆ ಬಳಸುವ ಪ್ರೋಪೇನ್ ಅನಿಲ ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದುದು. ಸೋರಿದರೆ ಅದು ಮೇಲೇರಿ ಚೆದುರದೆ ತಳದಲ್ಲಿ ಮಡುಗಟ್ಟುತ್ತದೆ. ಅದಕ್ಕಾಗಿಯೇ ಅನಿಲದ ಸಿಲಿಂಡರನ್ನು ಇಡುವ ಗೂಡಿಗೆ ತಳದಲ್ಲಿ ಹೊರಕ್ಕೆ ತೆರೆದ ರಂಧ್ರವಿರುತ್ತದೆ.

ದೀಪಕ್ಕೂ ಶೀತಕಪೆಟ್ಟಿಗೆಗೂ ಬೇಕಾದ ವಿದ್ಯುತ್ತಿಗೆ ಪ್ರತ್ಯೇಕ ಬ್ಯಾಟರಿಯೊಂದನ್ನು ಇಡುವುದು ವಾಡಿಕೆ. ಎಂಜಿನ್ನನ್ನು ಚಾಲೂ ಮಾಡುವ ಬ್ಯಾಟರಿಯನ್ನೇ ರಾತ್ರಿಯೆಲ್ಲ ಬಳಸಿದರೆ ಬೆಳಗ್ಗೆ ಜನವಿಲ್ಲದ ಬಯಲಿನಲ್ಲಿ ಬಂಡಿ ಅಲುಗದೆ ನಿಲ್ಲುತ್ತದೆ. 12 ವೋಲ್ಟಿನ, 100 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1200 ವ್ಯಾಟ್-ಗಂಟೆ ಶಕ್ತಿ ಇರುತ್ತದೆ. ಸೀಸದ ಬ್ಯಾಟರಿ ಬಹುಕಾಲ ಬಾಳಬೇಕಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸುವುದು ಉತ್ತಮ. ಸರಾಸರಿ 25 ವ್ಯಾಟ್ ಸೆಳೆಯುವ ಶೀತಕಪೆಟ್ಟಿಗೆ ಒಂದು ದಿನಕ್ಕೆ 600 ವ್ಯಾಟ್-ಗಂಟೆ ಬಳಸುತ್ತದೆ. ಎಂದರೆ ಆ ಬ್ಯಾಟರಿ ಒಂದೇ ದಿನಕ್ಕೆ ಸಾಕು. ಹೆಚ್ಚು ದಿನ ನಿಲ್ಲುವವರು ಸೌರಫಲಕದಿಂದ ಅದನ್ನು ತುಂಬುತ್ತಾರೆ. ಇಲ್ಲವೇ ಶೀತಕಪೆಟ್ಟಿಗೆಯನ್ನೇ ಕೈಬಿಟ್ಟು ಬೇಳೆ, ಅಕ್ಕಿ, ಒಣಹಣ್ಣುಗಳಿಂದ ತೃಪ್ತರಾಗುತ್ತಾರೆ. ಹಾಗೆ ಮಾಡಿದವರಿಗೆ ಶೀತಕಪೆಟ್ಟಿಗೆಯ ತೂಕವೂ ಉಳಿಯುತ್ತದೆ, ಚಿಕ್ಕ ಬ್ಯಾಟರಿಯೇ ಸಾಕಾಗುತ್ತದೆ. ಒಂದು ವಸ್ತುವನ್ನು ಬಿಟ್ಟರೆ ಅದನ್ನು ಆಶ್ರಯಿಸಿದ ಹಲವು ವಸ್ತುಗಳೂ ತಾವಾಗಿಯೇ ಉದುರುತ್ತವೆ.

ಟ್ರಕ್ಕು ಮಾತ್ರವಲ್ಲ, ಅದು ತಲಪುವ ಕಾಡುಬಯಲು ಕೂಡ ಒಂದು ಮಿತಿಯವರೆಗೆ ಮಾತ್ರ ಹೊರೆಯನ್ನು ತಾಳಬಲ್ಲದು. ಅಮೆರಿಕದಲ್ಲಿ 1964ರ ಕಾಯಿದೆಯೊಂದು ಕೆಲವು ವನಪ್ರದೇಶಗಳನ್ನು ಮೋಟಾರು ವಾಹನಗಳಿಂದ ಮುಕ್ತವಾಗಿಡಲು ಗೊತ್ತುಮಾಡಿತು. ಅಲ್ಲಿ ರಸ್ತೆ ಮುಗಿದೆಡೆ ಟ್ರಕ್ಕನ್ನು ನಿಲ್ಲಿಸಿ ನಡೆದೇ ಹೋಗಬೇಕು. ಇತರ ಸರ್ಕಾರಿ ಬಯಲುಗಳಲ್ಲಿ ಹಲವೆಡೆ ಒಂದೇ ಸ್ಥಳದಲ್ಲಿ 14 ದಿನಗಳಿಗಿಂತ ಹೆಚ್ಚು ಕಾಲ ಬಿಡಾರ ಹೂಡಲು ಅನುಮತಿಯಿಲ್ಲ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದಲ್ಲಿ ರಾತ್ರಿಯ ವೇಳೆ ಆಹಾರವನ್ನು ವಾಹನದೊಳಗೆ ಬಿಡುವಂತಿಲ್ಲ. ಅದನ್ನು ಕಬ್ಬಿಣದ ಗೂಡುಗಳಲ್ಲಿಯೇ ಇಡಬೇಕು. ಅಲ್ಲಿನ ಕರಡಿಗಳು ವಾಸನೆ ಹಿಡಿದು ಬಂದು ವಾಹನದ ಬಾಗಿಲನ್ನೇ ಕಿತ್ತುಹಾಕಬಲ್ಲವು. ಮನುಷ್ಯರ ಆಹಾರದ ರುಚಿ ಕಂಡ ಕರಡಿಯು ಮತ್ತೆ ಮತ್ತೆ ಬಿಡಾರಗಳಿಗೆ ನುಗ್ಗಿ ಕೊನೆಗೆ ತನ್ನ ಪ್ರಾಣಕ್ಕೇ ಎರವಾಗುವುದುಂಟು. ಪ್ರವಾಸಿಯ ಅಜಾಗರೂಕತೆಯ ಬೆಲೆಯನ್ನು ಹೀಗೆ ಮೂಕಪ್ರಾಣಿ ತೆರುತ್ತದೆ. ಕಸವನ್ನು ಮರಳಿ ತರಲು ಗಟ್ಟಿ ಚೀಲ, ಬಹಿರ್ದೆಸೆಗೆ ನೀರಿನ ಸೆಲೆಯಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂಟಿಮೀಟರ್ ಆಳದ ಗುಂಡಿ ತೋಡಲು ಸಲಿಕೆ, ಬೆಂಕಿಯನ್ನು ಪೂರ್ಣವಾಗಿ ನಂದಿಸಲು ನೀರು ಇವು ಮೂರೂ ಟ್ರಕ್ಕಿನಲ್ಲಿ ಇರಲೇಬೇಕಾದ ಸಾಮಗ್ರಿಗಳು. ಎಷ್ಟೇ ತೂಕ ಕಡಮೆ ಮಾಡಿದರೂ ಇವನ್ನು ಬಿಡುವಂತಿಲ್ಲ.

ಗುಡ್‌ನೈಟನ ಅಡುಗೆಯವನು ರಾತ್ರಿ ಮಲಗುವ ಮುನ್ನ ಬಂಡಿಯ ಮೂಕಿಯನ್ನು ಧ್ರುವನಕ್ಷತ್ರದ ಕಡೆಗೆ ತಿರುಗಿಸಿಡುತ್ತಿದ್ದನೆಂದು ಹೇಳುತ್ತಾರೆ. ಬೆಳಗ್ಗೆ ದಿಕ್ಕು ತಿಳಿಯಲು ಅವನಿಗೆ ಬೇರೆ ಉಪಕರಣ ಬೇಕಿರಲಿಲ್ಲ. ಮಾರುಕಟ್ಟೆಯಲ್ಲಿ ಇಂದು ಬಿಡಾರದ ಸಾಮಗ್ರಿಗಳಿಗೆ ಕೊರತೆಯಿಲ್ಲ. ಒಂದನ್ನು ಕೊಂಡರೆ ಇನ್ನೊಂದು ಬೇಕೆನಿಸುತ್ತದೆ. ಆದರೆ ಮನೆಯನ್ನೆಲ್ಲ ಹೊತ್ತುಕೊಂಡು ಹೋದವನು ಬಯಲಿನಲ್ಲಿಯೂ ಮನೆಯ ಕಾವಲುಗಾರನಾಗಿಯೇ ಉಳಿಯುತ್ತಾನೆ. ಪ್ರಾಣರಕ್ಷಣೆಗೆ ಬೇಕಾದುದನ್ನು ಬಿಡದೆ, ಬರಿಯ ಆಸೆಗೆ ಬೇಕಾದುದನ್ನು ಹೇರದೆ ಹೊರಡುವವನ ಬಂಡಿ ಸುಖವಾಗಿ ಹೋಗಿ ಸುಖವಾಗಿ ಮರಳುತ್ತದೆ. ಅವನು ತಂಗಿದ್ದ ನೆಲದಲ್ಲಿ ಮರುದಿನ ಚಕ್ರದ ಗುರುತಿನ ಹೊರತು ಬೇರೇನೂ ಉಳಿದಿರುವುದಿಲ್ಲ.

ಅಭ್ಯಾಸ

1. ಗುಡ್‌ನೈಟನು ನಿರ್ಮಿಸಿದ ಬಂಡಿಯ ವಿಶೇಷಗಳನ್ನು ವಿವರಿಸಿ.
2. ಸ್ಟೈನ್‌ಬೆಕ್ಕನ ಪ್ರಯಾಣದಿಂದ ಕಲಿಯಬಹುದಾದ ಎರಡು ಪಾಠಗಳು ಯಾವುವು?
3. ಭಾರವಾದ ವಸ್ತುಗಳನ್ನು ಹಿಂದಿನ ಅಚ್ಚಿಗಿಂತ ಮುಂದೆ ಇಡಬೇಕು, ಏಕೆ? ಎತ್ತಿನ ಗಾಡಿಯ ಉದಾಹರಣೆಯೊಡನೆ ಹೋಲಿಸಿ.
4. ಮುಚ್ಚಿದ ಕೋಣೆಯಲ್ಲಿ ಒಲೆ ಉರಿಸುವುದು ಪ್ರಾಣಾಪಾಯಕರ ಹೇಗೆ?
5. ಪಾಠದಲ್ಲಿ ಕೊಟ್ಟಿರುವ ಹೊರೆಯ ಪಟ್ಟಿಗೆ ಎರಡು ಸೈಕಲ್ಲುಗಳನ್ನು ಸೇರಿಸಿಯೂ ಮಿತಿ ಮೀರದಂತೆ ಮಾಡಲು ಏನೇನು ಬಿಡಬಹುದು? ಲೆಕ್ಕ ಮಾಡಿ ಬರೆಯಿರಿ.